ಮಿಕ್ಸರ್‌ನಲ್ಲಿದ್ದ ಗಾಳಿ ಗೋಡೆಗೆ ಬರಲಿಲ್ಲ

ಅಣೆಕಟ್ಟಿನಲ್ಲಿ ಹಿಮದ ಹೊಡೆತ ಜಾಸ್ತಿ ಬೀಳುವುದು ನೀರಿನ ಮಟ್ಟ ಏರಿಳಿಯುವ ಪಟ್ಟಿಗೆ. ಅಲ್ಲಿನ ಕಾಂಕ್ರೀಟ್ ಸದಾ ನೀರು ಕುಡಿದೇ ಇರುತ್ತದೆ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಮಂಜುಗಡ್ಡೆಯಾಗುವಾಗ ನೀರು ಸುಮಾರು 9% ಹಿಗ್ಗುತ್ತದಲ್ವಾ? ಹಿಗ್ಗಲು ಜಾಗ ಸಿಗದಿದ್ದರೆ ಮೇಲ್ಮೈ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಆ ಜಾಗಕ್ಕಾಗಿಯೇ ಕಾಂಕ್ರೀಟ್ ತುಂಬ ಸಣ್ಣ ಗಾಳಿಗುಳ್ಳೆಗಳನ್ನು ಹುಟ್ಟಿಸುವ ದ್ರಾವಣ ಹಾಕುತ್ತೇವೆ.

ಅಣೆಕಟ್ಟಿನ ಮುಖದ, ಅಂದರೆ ಹೊರಮೈಯ ಪದರಕ್ಕೆ ನಮ್ಮ ಗುರಿ 6% ಗಾಳಿ. ನೀರು-ಬೈಂಡರ್ ಅನುಪಾತ 0.45 ದಾಟುವಂತಿರಲಿಲ್ಲ; ಬೈಂಡರ್ ಅಂದರೆ ಸಿಮೆಂಟ್ ಮತ್ತು ಅದರ ಜೊತೆ ಬೆರೆಸುವ ಹಾರುಬೂದಿ, ಕಲ್ಲಿದ್ದಲು ಉರಿದು ಉಳಿದ ನುಣ್ಣನೆಯ ಬೂದಿ. ಎಲ್ಲ ಸರಿಯಾಗೇ ನಡೆದಿತ್ತು. ಒಂದು ಬೆಳಿಗ್ಗೆ, ಹಸಿ ಕಾಂಕ್ರೀಟಿನ ಗಾಳಿ ಅಳೆಯುವ ಏರ್ ಮೀಟರ್ 3.2% ತೋರಿಸಿತು. ಮೀಟರ್ ಸೋರುತ್ತಿದೆ ಅಂದುಕೊಂಡೆ. ಅಂಚು ಒರೆಸಿ, ಮುಚ್ಚಳ ಬಿಗಿದು ಮತ್ತೆ ನೋಡಿದರೆ 3.1. ಮರಳು ಅದೇ, ದ್ರಾವಣದ ಡೋಸ್ ಅದೇ. ಬದಲಾಗಿದ್ದು ಹಿಂದಿನ ಸಂಜೆ ಬಂದ ಹಾರುಬೂದಿ ಮಾತ್ರ. ಬಣ್ಣ ಸ್ವಲ್ಪ ಕಪ್ಪಗಿತ್ತು. ಅದರಲ್ಲಿ ಸುಡದೆ ಉಳಿದ ಇಂಗಾಲ ಗುಳ್ಳೆ ದ್ರಾವಣವನ್ನು ಹೀರಿಕೊಳ್ಳುತ್ತಿತ್ತು.

ಅವತ್ತಿಂದ ಬೂದಿಯ ಲಾರಿ ಬಂದಾಗಲೆಲ್ಲ ಒಂದು ಬಾಟಲಿ ಪರೀಕ್ಷೆ. ಬೂದಿ, ಸಿಮೆಂಟ್, ನೀರು ಹಾಕಿ ಕುಲುಕುವುದು. ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಮತ್ತೆ ಕುಲುಕುವುದು. ನೊರೆ ಒಡೆಯದೆ ನಿಲ್ಲಲು ಎಷ್ಟು ಹನಿ ಬೇಕಾಯಿತು ಅಂತ ಬರೆದಿಡುವುದು. ಹನಿ ಜಾಸ್ತಿಯಾದರೆ ಕಾಂಕ್ರೀಟ್ ಕಲಸುವ ಪ್ಲಾಂಟಿಗೆ ಮೊದಲೇ ಹೇಳಿ, ಪ್ರಯೋಗದ ಬ್ಯಾಚ್ ಮಾಡಿ ಡೋಸ್ ಸರಿಪಡಿಸುತ್ತಿದ್ದೆವು. ಸುಮ್ನೆ ಏರಿಸಿದರೂ ಕಷ್ಟ: ಗಾಳಿ 1% ಹೆಚ್ಚಾದರೆ ಬಲ ಸುಮಾರು 5% ಇಳಿಯುತ್ತದೆ.

ನನ್ನದೇ ಒಂದು ತಪ್ಪೂ ಇತ್ತು. ಅಳೆಯುತ್ತಿದ್ದದ್ದು ಪ್ಲಾಂಟಿನ ಬಾಯಲ್ಲಿ ಮಾತ್ರ. ಸಾಗಣೆ, ಪಂಪ್, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಎಲ್ಲ ಸೇರಿ ಗಾಳಿ ಹೊರಹಾಕುತ್ತವೆ. ಕಾಂಕ್ರೀಟ್ ಹಾಕುವ ಜಾಗದಲ್ಲೇ ಅಳೆದಾಗ ಒಂದೂವರೆ ಶೇಕಡಾ ಕಡಿಮೆ ಬಂತು. ವೈಬ್ರೇಟರ್ ಹಿಡಿದವರು ಶಟರಿಂಗ್ ಪಕ್ಕ ಹೊಳಪು ಬರಲೆಂದು ಒಂದೇ ಕಡೆ ಗುರ್ರೆನಿಸುತ್ತಾ ನಿಲ್ಲುತ್ತಿದ್ದರು. ಹಿಮ ತಿನ್ನುವುದು ಅದೇ ಪದರವನ್ನು! ದೊಡ್ಡ ಗುಳ್ಳೆ ಏಳುವುದು ನಿಂತ ತಕ್ಷಣ ವೈಬ್ರೇಟರಿನ ಸೂಜಿ ಮೇಲೆತ್ತಿ ಅಂತ ಪಕ್ಕ ನಿಂತು ತೋರಿಸಿದೆ.

ಆಮೇಲೆ ಗಟ್ಟಿಯಾದ ಕಾಂಕ್ರೀಟಿನಿಂದ ಕೋರ್, ಅಂದರೆ ಕೊರೆದು ತೆಗೆದ ತುಂಡುಗಳನ್ನು, ತೆಗೆಸಿದೆವು. ಒಟ್ಟು ಗಾಳಿಗಿಂತ ಗುಳ್ಳೆಗಳ ನಡುವಿನ ದೂರ ಮುಖ್ಯ. ಅದು 0.2 ಮಿ.ಮೀ. ಒಳಗಿರಬೇಕು. ಸೂಕ್ಷ್ಮದರ್ಶಕದಲ್ಲಿ, ಈ ಬದಲಾವಣೆಗಳಿಗೆ ಮೊದಲು ಹಾಕಿದ ಹಳೆಯ ತುಂಡಿನದು 0.31, ಆಮೇಲೆ ಹಾಕಿದ ಹೊಸದರದು 0.17. ಹಳೆಯ ಭಾಗದ ಮುಖವನ್ನು ಒಡೆದು ಮತ್ತೆ ಹಾಕಿದೆವು.