ಕ್ಯಾಮೆರಾದ ಕಿಂಡಿ ಎಷ್ಟು ನಿಜ ತೋರಿಸುತ್ತದೆ? ಮನೆಯಲ್ಲೇ ಅಳೆದು ನೋಡಿ

ಹಳೆಯ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾಗಳನ್ನು ಈಗ ಮತ್ತೆ ಹುಡುಕುವವರಿದ್ದಾರೆ. ಕೆಲವರು ಕಪಾಟಿನ ಮೂಲೆಯಿಂದ ತೆಗೆದು ಒರೆಸುತ್ತಾರೆ, ಕೆಲವರು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಾರೆ. ಅವುಗಳಲ್ಲಿ ಹಲವಕ್ಕೆ ನೆತ್ತಿಯ ಹತ್ತಿರ ಒಂದು ಪುಟ್ಟ ಗಾಜಿನ ಕಿಂಡಿ ಇರುತ್ತದೆ. ಅದೇ ಆಪ್ಟಿಕಲ್ ವ್ಯೂಫೈಂಡರ್. ಬಿಸಿಲಿಗೆ ಹಿಂದಿನ ಪರದೆ ಕಾಣದೇ ಹೋದಾಗ ಕಣ್ಣು ತಾನಾಗಿ ಆ ಕಿಂಡಿಗೆ ಹೋಗುತ್ತದೆ. ಕಿಂಡಿಯಲ್ಲಿ ಎಲ್ಲ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆಮೇಲೆ ಫೋಟೊ ತೆರೆದು ನೋಡಿದರೆ ಬೇಡದ ಕಂಬ, ಯಾರದೋ ಮೊಣಕೈ, ಕಸದ ಬುಟ್ಟಿ ಎಲ್ಲ ಅಂಚಿನಲ್ಲಿ ಬಂದು ಕೂತಿರುತ್ತವೆ.

ಕ್ಯಾಮೆರಾ ಕೆಟ್ಟಿದೆ ಅಂತ ಅನ್ನಿಸಬಹುದು. ಹೆಚ್ಚಿನ ಸಲ ಕೆಟ್ಟಿರುವುದಿಲ್ಲ, ಆ ಕಿಂಡಿ ಇರುವುದೇ ಹಾಗೆ. ಅದು ಎಷ್ಟು ತಪ್ಪು ತೋರಿಸುತ್ತದೆ, ಯಾವ ಕಡೆಗೆ ತೋರಿಸುತ್ತದೆ ಅಂತ ಒಮ್ಮೆ ಅಳೆದಿಟ್ಟುಕೊಂಡರೆ ಅದನ್ನು ನಂಬಿ ಕೆಲಸ ಮಾಡಬಹುದು. ಬೇಕಾಗುವುದು ಒಂದು ಅಳತೆ ಟೇಪ್, ಟ್ರೈಪಾಡ್ ಅಥವಾ ಪುಸ್ತಕಗಳ ರಾಶಿ, ಒಂದಿಷ್ಟು ತಾಳ್ಮೆ.

ಮೊದಲು ಅದು ಯಾವ ಬಗೆಯ ಕಿಂಡಿ ಅಂತ ತಿಳಿಯಿರಿ

ಕ್ಯಾಮೆರಾ ಆಫ್ ಮಾಡಿ ಕಿಂಡಿಯಲ್ಲಿ ಕಣ್ಣಿಡಿ. ಹೊರಗಿನದು ಕಂಡರೆ ಅದು ಆಪ್ಟಿಕಲ್. ಕತ್ತಲೆ ಆಗಿದ್ದರೆ ಒಳಗೆ ಪುಟ್ಟ ಪರದೆ ಇರುವ ಎಲೆಕ್ಟ್ರಾನಿಕ್ ಬಗೆ, ಅದಕ್ಕೆ ಈ ಲೇಖನ ಬೇಕಾಗಿಲ್ಲ. ಈಗ ಕ್ಯಾಮೆರಾದ ಲೆನ್ಸನ್ನು ಅಂಗೈಯಿಂದ ಮುಚ್ಚಿ. ಆಗಲೂ ಕಿಂಡಿಯಲ್ಲಿ ಕಾಣುತ್ತಿದೆಯಾ? ಹಾಗಾದರೆ ಕಿಂಡಿಗೂ ಲೆನ್ಸಿಗೂ ಬೇರೆ ಬೇರೆ ದಾರಿ. ಕಾಂಪ್ಯಾಕ್ಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಈ ಕಿಂಡಿಯ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ: ಫೋಟೊ ತೆಗೆಯುವ ಕಣ್ಣು ಒಂದು ಕಡೆ, ನೀವು ನೋಡುವ ಕಣ್ಣು ಇನ್ನೊಂದು ಕಡೆ.

1995ರ ಕ್ಯಾಸಿಯೊ ಕ್ಯೂವಿ-10 ಕ್ಯಾಮೆರಾದಲ್ಲಿ ಕಿಂಡಿಯೇ ಇರಲಿಲ್ಲ, ಹಿಂದೆ ಪರದೆ ಮಾತ್ರ ಇತ್ತು. ಆದರೂ ಆಮೇಲೆ ಹಲವು ವರ್ಷ ಕಾಂಪ್ಯಾಕ್ಟ್‌ಗಳು ಕಿಂಡಿಯನ್ನು ಬಿಡಲಿಲ್ಲ. ಆಗಿನ ಪರದೆಗಳು ಬ್ಯಾಟರಿ ಕುಡಿಯುತ್ತಿದ್ದವು, ಬಿಸಿಲಲ್ಲಂತೂ ಕಾಣುತ್ತಲೇ ಇರಲಿಲ್ಲ. ಪರದೆ ದೊಡ್ಡದಾದಂತೆ ಕಿಂಡಿಗೆ ಜಾಗ ಕಡಿಮೆಯಾಯಿತು. ಕ್ಯಾನನ್ ಜಿ ಸರಣಿಯಲ್ಲಿ 2013ರ ಜಿ16ರ ತನಕ ಅದು ಉಳಿದುಕೊಂಡಿತ್ತು. ಕೊನೆಕೊನೆಗೆ ಬಂದವುಗಳಲ್ಲಿ ಕಿಂಡಿಯನ್ನು ಸೊಗಸಾಗಿ ಮಾಡಿದ್ದು ಫ್ಯೂಜಿಫಿಲ್ಮ್: 2011ರ ಎಕ್ಸ್10, ಅದರ ನಂತರದ ಎಕ್ಸ್20, ಮತ್ತು ಒಂದು ಲಿವರ್ ಎಳೆದರೆ ಆಪ್ಟಿಕಲ್‌ನಿಂದ ಎಲೆಕ್ಟ್ರಾನಿಕ್‌ಗೆ ಬದಲಾಗುವ ಎಕ್ಸ್100. ಬೇರೆ ಎಷ್ಟೋ ಕ್ಯಾಮೆರಾಗಳಲ್ಲಿ ಕಿಂಡಿಯನ್ನು ಸುಮ್ನೆ ಲೆಕ್ಕಕ್ಕೆ ಇಟ್ಟ ಹಾಗಿರುತ್ತದೆ, ಕೀಲಿರಂಧ್ರದಲ್ಲಿ ಇಣುಕಿದಷ್ಟೇ ಸುಖ.

ಒರೆಸಿ, ಆಮೇಲೆ ಬೈಯಿರಿ

ಕಿಂಡಿಗೆ ಎರಡು ಗಾಜು: ಮುಂದಿನದು, ಕಣ್ಣಿಡುವ ಕಡೆಯದು. ಮುಂದಿನದರ ಮೇಲೆ ಬೆರಳಚ್ಚು ಕೂತಿರುತ್ತದೆ, ಹಿಂದಿನದರ ಮೇಲೆ ಮೂಗು ರೆಪ್ಪೆಗಳ ಎಣ್ಣೆ. ಗಾಳಿ ಊದಿ ಧೂಳು ತೆಗೆದು, ಮೆತ್ತನೆ ಬಟ್ಟೆಯಿಂದ ಒರೆಸಿ. ಮಂಜು ಮಂಜು ಅನ್ನಿಸುತ್ತಿದ್ದ ಕಿಂಡಿ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಮೇಲೆ ಬಿಳಿ ಗೋಡೆಯ ಕಡೆಗೆ ಹಿಡಿದು ನೋಡಿ. ಕಪ್ಪು ಚುಕ್ಕೆಗಳು ಕಂಡರೆ ಒಳಗೆ ಧೂಳಿದೆ. ಅದು ಫೋಟೊದಲ್ಲಿ ಬರುವುದಿಲ್ಲ, ತಲೆಕೆಡಿಸಿಕೊಳ್ಳಬೇಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ನಿಂತು ಯೋಚಿಸಬೇಕು. ಕಿಂಡಿಯೊಳಗೆ ಬೂಷ್ಟು ಹಿಡಿಯುವಷ್ಟು ತೇವದಲ್ಲಿ ಕ್ಯಾಮೆರಾ ಇತ್ತು ಅಂದರೆ ಲೆನ್ಸಿನೊಳಗೂ ಹಿಡಿದಿರಬಹುದು.

ನಿಮ್ಮ ಕಣ್ಣಿಗೆ ಹೊಂದಿಸಿ

ಕಣ್ಣಿಡುವ ಗಾಜಿನ ಪಕ್ಕದಲ್ಲಿ ಸಣ್ಣ ಹಲ್ಲಿನ ಚಕ್ರ ಅಥವಾ ಲಿವರ್ ಇದೆಯಾ ನೋಡಿ. ಅದು ಡಯಾಪ್ಟರ್ ಹೊಂದಾಣಿಕೆ. ದೂರದ ಒಂದು ಬೋರ್ಡನ್ನೋ ಕಿಟಕಿಯ ಸರಳನ್ನೋ ನೋಡುತ್ತಾ ಚಕ್ರ ತಿರುಗಿಸಿ, ಗೆರೆಗಳು ಚೂಪಾದ ಜಾಗದಲ್ಲಿ ಬಿಡಿ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಈ ಚಕ್ರವೇ ಇರುವುದಿಲ್ಲ. ಆಗ ಕನ್ನಡಕ ಹಾಕಿಕೊಂಡೇ ನೋಡಬೇಕು.

ಕನ್ನಡಕದವರಿಗೆ ಇನ್ನೊಂದು ತಾಪತ್ರಯ. ಕಣ್ಣು ಕಿಂಡಿಗೆ ಅಂಟಿಕೊಳ್ಳುವಷ್ಟು ಹತ್ತಿರ ಇದ್ದರೆ ಮಾತ್ರ ನಾಲ್ಕು ಮೂಲೆಯೂ ಕಾಣುವ ಹಾಗೆ ಹಲವು ಕಿಂಡಿಗಳಿರುತ್ತವೆ. ಕನ್ನಡಕ ಅಡ್ಡ ಬಂದರೆ ಅಂಚುಗಳು ಮಾಯ. ಕೊಳ್ಳುವ ಮುಂಚೆ ಇದನ್ನು ನಿಮ್ಮ ಕಣ್ಣಲ್ಲೇ ನೋಡಬೇಕು, ಬೇರೆಯವರ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕಿಂಡಿ ಎಷ್ಟು ದೊಡ್ಡದು ಅಂತ ತಿಳಿಯಲು ಒಂದು ಸುಲಭ ಉಪಾಯ. ಎರಡೂ ಕಣ್ಣು ತೆರೆದು, ಒಂದನ್ನು ಕಿಂಡಿಯಲ್ಲಿಡಿ, ಇನ್ನೊಂದರಲ್ಲಿ ನೇರವಾಗಿ ಅದೇ ಬಾಗಿಲನ್ನು ನೋಡಿ. ಎರಡು ಬಾಗಿಲು ಕಾಣುತ್ತವೆ. ಕಿಂಡಿಯ ಬಾಗಿಲು ಅರ್ಧದಷ್ಟಾದರೂ ಇದ್ದರೆ ಆರಾಮಾಗಿ ನೋಡಬಹುದು. ಎಕ್ಸ್100ರ ಆಪ್ಟಿಕಲ್ ಕಿಂಡಿ ತೋರಿಸುವುದು ಸರಿಯಾಗಿ ಅರ್ಧ.

ಈಗ ಮುಖ್ಯವಾದ ಅಳತೆ

ಟೇಪನ್ನು ಗೋಡೆಗೆ ಅಡ್ಡಲಾಗಿ, ನೇರವಾಗಿ ಅಂಟಿಸಿ. 3 ಮೀಟರ್ ಉದ್ದದ್ದಾದರೆ ಸಾಕು. ಕ್ಯಾಮೆರಾವನ್ನು 2 ಮೀಟರ್ ದೂರದಲ್ಲಿ, ಟೇಪಿನ ಎತ್ತರಕ್ಕೆ, ಗೋಡೆಗೆ ನೇರ ಮುಖ ಮಾಡಿ ಅಲುಗಾಡದಂತೆ ಇಡಿ. ಜೂಮ್ ಪೂರ್ತಿ ಹಿಂದಕ್ಕೆ ಇರಲಿ. ಡಿಜಿಟಲ್ ಜೂಮ್ ಆಫ್ ಮಾಡಿ, ಅದು ಕಿಂಡಿಗೆ ಗೊತ್ತೇ ಆಗುವುದಿಲ್ಲ. ಫೋಟೊದ ಆಕಾರವೂ ಕ್ಯಾಮೆರಾದ ಮೂಲ ಆಕಾರದಲ್ಲೇ ಇರಲಿ. 16:9 ಅಂತ ಬದಲಾಯಿಸಿದ್ದರೆ ಕಿಂಡಿ ಹಳೆಯ ಆಕಾರವನ್ನೇ ತೋರಿಸುತ್ತಿರುತ್ತದೆ.

ಈಗ ಕಿಂಡಿಯಲ್ಲಿ ನೋಡಿ. ಎಡ ಅಂಚಿನಲ್ಲಿ ಟೇಪಿನ ಯಾವ ಅಂಕಿ, ಬಲ ಅಂಚಿನಲ್ಲಿ ಯಾವುದು ಅಂತ ಬರೆದುಕೊಳ್ಳಿ. ಟೇಪಿನ ಅಂಕಿ ತೀರಾ ಚಿಕ್ಕದಾಗಿ ಓದಲು ಆಗದಿದ್ದರೆ ಇನ್ನೊಬ್ಬರನ್ನು ಗೋಡೆಯ ಹತ್ತಿರ ನಿಲ್ಲಿಸಿ, ಅಂಚು ಬಂದ ಕಡೆ ಬೆರಳಿಡಲು ಹೇಳಿ. ಕಣ್ಣು ಸ್ವಲ್ಪ ಆಚೀಚೆ ಆದರೂ ಅಂಚು ಜಾರುತ್ತದೆ, ಅದಕ್ಕೇ ಎರಡು ಮೂರು ಸಲ ನೋಡಿ. ಆಮೇಲೆ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಅದರ ಎರಡು ಅಂಚಿನಲ್ಲಿ ಯಾವ ಅಂಕಿ ಇದೆ ನೋಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಿಂಡಿಯಲ್ಲಿ ಕಂಡದ್ದು 60ರಿಂದ 220ರ ತನಕ, ಅಂದರೆ 160 ಸೆಂ.ಮೀ. ಫೋಟೊದಲ್ಲಿ ಇರುವುದು 37ರಿಂದ 237ರ ತನಕ, ಅಂದರೆ 200 ಸೆಂ.ಮೀ. 160ನ್ನು 200ರಿಂದ ಭಾಗಿಸಿದರೆ ಶೇ 80. ಇದನ್ನೇ ಕವರೇಜ್ ಅನ್ನುತ್ತಾರೆ. ಕಾಂಪ್ಯಾಕ್ಟ್‌ಗಳಿಗೆ ಇದು ಮಾಮೂಲಿ ಲೆಕ್ಕ. ಎಕ್ಸ್10ರ ವಿವರದಲ್ಲಿ ಫ್ಯೂಜಿಯವರೇ ಸುಮಾರು ಶೇ 85 ಅಂತ ಕೊಟ್ಟಿದ್ದಾರೆ.

ಶೇ 80 ಅಂದರೆ ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಅದು ಅಗಲದಲ್ಲಿ ಮಾತ್ರ. ಎತ್ತರದಲ್ಲೂ ಅಷ್ಟೇ ಇದ್ದರೆ ಕಿಂಡಿ ತೋರಿಸಿದ್ದು ಫೋಟೊದ ಶೇ 64 ಭಾಗ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ನೀವು ನೋಡದೇ ತೆಗೆದದ್ದು. ಆ ಕಂಬ, ಮೊಣಕೈ ಬಂದದ್ದು ಅಲ್ಲಿಂದ.

ಇಷ್ಟು ಕಡಿಮೆ ಯಾಕೆ ಇಡುತ್ತಾರೆ? ಕಂಪನಿಗಳು ಬೇಕೆಂದೇ ಹೀಗೆ ಮಾಡುತ್ತವೆ. ಕಿಂಡಿಗೂ ಲೆನ್ಸಿಗೂ ಬೇರೆ ದಾರಿ ಇರುವಾಗ ಎರಡನ್ನೂ ಎಲ್ಲ ದೂರಕ್ಕೂ, ಎಲ್ಲ ಜೂಮಿಗೂ ಸರಿಯಾಗಿ ಕೂರಿಸುವುದು ಆಗದ ಕೆಲಸ. ಶೇ 100 ತೋರಿಸಲು ಹೋದರೆ ಒಮ್ಮೊಮ್ಮೆ ಕಿಂಡಿಯಲ್ಲಿ ಕಂಡ ತಲೆ ಫೋಟೊದಲ್ಲಿ ಕತ್ತರಿಸಿ ಹೋಗಿರುತ್ತದೆ. ಬೇಡದ್ದು ಬಂದರೆ ಆಮೇಲೆ ಕತ್ತರಿಸಬಹುದು, ಬೇಕಾದದ್ದು ಬಿಟ್ಟುಹೋದರೆ ಏನೂ ಮಾಡಲಾಗದು. ಹಾಗಾಗಿ ಕಿಂಡಿಯನ್ನು ಬಿಗಿಯಾಗಿಯೇ ಇಡುತ್ತಾರೆ. ನನಗೆ ಇದು ನ್ಯಾಯ ಅಂತಲೇ ಅನ್ನಿಸುತ್ತದೆ. ಶೇ 80ರ ಬದಲು 90 ಕೊಡಬಹುದಿತ್ತು ಅನ್ನುವುದು ಬೇರೆ ಮಾತು.

ಅದೇ ಅಂಕಿಗಳಲ್ಲಿ ಇನ್ನೂ ಒಂದು ಸಂಗತಿ ಇದೆ. ಕಿಂಡಿಯ ನಡು 140ಕ್ಕೆ ಬಂತು, ಫೋಟೊದ ನಡು 137ಕ್ಕೆ. 3 ಸೆಂ.ಮೀ. ಜಾರಿದೆ. ಕಿಂಡಿ ಲೆನ್ಸಿಗಿಂತ ಅಷ್ಟೇ ಬಲಕ್ಕೆ ಇದ್ದರೆ ಇದು ಸಹಜ, ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ. ಖಾತ್ರಿ ಮಾಡಿಕೊಳ್ಳಲು ಕ್ಯಾಮೆರಾವನ್ನು 1 ಮೀಟರಿಗೆ ತಂದು ಮತ್ತೆ ಅಳೆಯಿರಿ. ಅಲ್ಲೂ 3 ಸೆಂ.ಮೀ. ಇದ್ದರೆ ಕಿಂಡಿ ನೆಟ್ಟಗಿದೆ. ದೂರ ಹೋದಂತೆ ಜಾರುವಿಕೆ ಹೆಚ್ಚುತ್ತಾ ಹೋದರೆ ಕಿಂಡಿಯೇ ಓರೆಯಾಗಿ ಕೂತಿದೆ. ಎಲ್ಲೋ ಬಿದ್ದ ಕ್ಯಾಮೆರಾ ಇರಬಹುದು. ಟೇಪ್ ಕಿಂಡಿಯ ಅಂಚಿಗೆ ಸರಿಯಾಗಿ ಸಮಾನಾಂತರವಾಗಿದ್ದೂ ಫೋಟೊದಲ್ಲಿ ವಾಲಿದ್ದರೆ ಕಿಂಡಿ ತಿರುಚಿಕೊಂಡಿದೆ ಅಂತ ಅರ್ಥ. ಇಂಥದ್ದಕ್ಕೆ ರಿಪೇರಿ ಮಾಡಿಸುವ ಗೋಜಿಗೆ ಹೋಗಬೇಡಿ. ಎಷ್ಟು ವಾಲುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು.

ಟೇಪನ್ನು ಉದ್ದಕ್ಕೆ ನಿಲ್ಲಿಸಿ ಎತ್ತರಕ್ಕೂ ಹೀಗೇ ಅಳೆಯಿರಿ. ಆಮೇಲೆ ಜೂಮನ್ನು ಪೂರ್ತಿ ಎಳೆದು ಇನ್ನೊಮ್ಮೆ. ಜೂಮ್ ಕ್ಯಾಮೆರಾದಲ್ಲಿ ಲೆನ್ಸಿನ ಜೊತೆ ಕಿಂಡಿಯ ಒಳಗಾಜುಗಳೂ ಸರಿಯುತ್ತವೆ, ಎರಡು ತುದಿಯ ಲೆಕ್ಕ ಒಂದೇ ಬರಬೇಕೆಂದೇನೂ ಇಲ್ಲ. ಜೂಮ್ ಹಿಂದಕ್ಕಿರುವಾಗ ಕೆಳಗಿನ ಒಂದು ಮೂಲೆಯಲ್ಲಿ ಲೆನ್ಸಿನ ಕೊಳವೆ ಅಡ್ಡ ಬಂದರೆ ಗಾಬರಿಯಾಗಬೇಡಿ. ಒಳ್ಳೆಯ ಕ್ಯಾಮೆರಾಗಳಲ್ಲೂ ಅದು ಬರುತ್ತದೆ, ಫೋಟೊದಲ್ಲಿ ಬರುವುದಿಲ್ಲ. ಟೇಪು ಕಿಂಡಿಯಲ್ಲಿ ಬಿಲ್ಲಿನಂತೆ ಬಾಗಿ ಕಂಡರೂ ಅಷ್ಟೇ.

ಹತ್ತಿರದ ವಸ್ತುವಿಗೆ ಬೇರೆ ಲೆಕ್ಕ

ಪ್ಯಾರಲಾಕ್ಸ್ ದೂರದಲ್ಲಿ ಲೆಕ್ಕಕ್ಕಿಲ್ಲ, ಹತ್ತಿರದಲ್ಲಿ ಅದೇ ದೊಡ್ಡ ತಲೆನೋವು. ನಮ್ಮ ಉದಾಹರಣೆಯ ಕ್ಯಾಮೆರಾದಲ್ಲಿ ಕಿಂಡಿ ಲೆನ್ಸಿಗಿಂತ 3 ಸೆಂ.ಮೀ. ಮೇಲೂ ಇದೆ ಅಂದುಕೊಳ್ಳಿ. 3 ಮೀಟರ್ ದೂರದಲ್ಲಿ ಫೋಟೊದ ಎತ್ತರ ಎರಡು ಮೀಟರಿಗಿಂತ ಜಾಸ್ತಿ, ಅದರಲ್ಲಿ 3 ಸೆಂ.ಮೀ. ಯಾರಿಗೂ ತಿಳಿಯದು. 30 ಸೆಂ.ಮೀ. ದೂರದಲ್ಲಿ ಫೋಟೊದ ಎತ್ತರವೇ ಸುಮಾರು 22 ಸೆಂ.ಮೀ. ಅಲ್ಲಿ 3 ಅಂದರೆ ಏಳರಲ್ಲಿ ಒಂದು ಪಾಲು. ಹೂವಿನ ತಲೆ ಹಾರಿಹೋಗುವುದಕ್ಕೆ ಅಷ್ಟು ಸಾಕು.

ಪರಿಹಾರ ಸರಳ. ಕಿಂಡಿಯಲ್ಲಿ ಹೊಂದಿಸಿಕೊಂಡ ಮೇಲೆ, ಕ್ಯಾಮೆರಾವನ್ನು ಬಗ್ಗಿಸದೆ ಆ 3 ಸೆಂ.ಮೀ.ನಷ್ಟು ಮೇಲಕ್ಕೆ, ಕಿಂಡಿ ಯಾವ ಬದಿಗಿದೆಯೋ ಆ ಬದಿಗೆ ಸರಿಸಿ. ಕಿಂಡಿ ಇದ್ದ ಜಾಗಕ್ಕೆ ಈಗ ಲೆನ್ಸ್ ಬಂದು ನಿಲ್ಲುತ್ತದೆ. ಆಗ ಬಟನ್ ಒತ್ತಿ. ಕೈಯಲ್ಲಿ ಹಿಡಿದು ಮಾಡುವಾಗ ಅಂದಾಜಿನ ಕೆಲಸವೇ. ಅರ್ಧ ಮೀಟರಿಗಿಂತ ಹತ್ತಿರದಲ್ಲಿ ನಾನಂತೂ ಕಿಂಡಿ ಬಿಟ್ಟು ಪರದೆಯನ್ನೇ ನೋಡುತ್ತೇನೆ.

ಫೋಕಸ್ ನಂಬಬೇಡಿ, ದೀಪ ನೋಡಿ

ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಲೆನ್ಸ್ ಎಲ್ಲಿಗೆ ಫೋಕಸ್ ಮಾಡಿದೆ ಅಂತ ಅದಕ್ಕೆ ಗೊತ್ತಿಲ್ಲ. ಶಟರ್ ಬಟನ್ ಅರ್ಧ ಒತ್ತಿ ಕಿಂಡಿಯ ಪಕ್ಕದ ದೀಪ ನೋಡಿ. ಸಾಮಾನ್ಯವಾಗಿ ಹಸಿರು ಸ್ಥಿರವಾಗಿ ಉರಿದರೆ ಫೋಕಸ್ ಆಗಿದೆ, ಮಿನುಗಿದರೆ ಏನೋ ಸರಿಯಿಲ್ಲ. ಬಣ್ಣಗಳ ಪೂರ್ತಿ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಕೈಪಿಡಿ ನೋಡಿಕೊಳ್ಳಿ. ಫೋಕಸ್ ಬಿಂದುವನ್ನು ನಡುವಿಗೆ ಕಟ್ಟಿಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಕ್ಯಾಮೆರಾ ತನಗಿಷ್ಟ ಬಂದದ್ದನ್ನು ಹಿಡಿದು ಹಸಿರು ದೀಪ ತೋರಿಸುತ್ತದೆ, ನಿಮಗೆ ತಿಳಿಯುವುದೇ ಇಲ್ಲ.

ಅಳೆದದ್ದನ್ನು ಬಳಸುವುದು ಹೇಗೆ

ಕಿಂಡಿಯ ಅಂಚಿಗೆ ಮುಟ್ಟುವ ತನಕ ತುಂಬಿಸಿ. ಅಂಚಿನಲ್ಲಿ ಜಾಗ ಬಿಡುವ ಅಭ್ಯಾಸ ಪರದೆ ನೋಡಿ ಬಂದದ್ದು, ಇಲ್ಲಿ ಅದು ಬೇಡ. ಜನರ ಗುಂಪು ಕಿಂಡಿಯಲ್ಲಿ ತುದಿಯಿಂದ ತುದಿಗೆ ಕೂತರೂ ಫೋಟೊದಲ್ಲಿ ಎರಡೂ ಕಡೆ ಜಾಗ ಉಳಿದಿರುತ್ತದೆ. ಕಿಂಡಿಯಲ್ಲಿ ಕಂಡಷ್ಟೇ ಬೇಕು ಅಂತ ಆಮೇಲೆ ಕತ್ತರಿಸಿದರೆ 10 ಮೆಗಾಪಿಕ್ಸೆಲ್ ಫೋಟೊದಲ್ಲಿ 6.4 ಉಳಿಯುತ್ತದೆ. ಸಾಧಾರಣ ಪ್ರಿಂಟಿಗೆ ಅದು ಧಾರಾಳ.

ಕಿಂಡಿಯಲ್ಲಿ ನೋಡುವಾಗ ಹಿಂದಿನ ಪರದೆ ಆಫ್ ಮಾಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಡಿಸ್‌ಪ್ಲೇ ಬಟನ್ ಒಂದೆರಡು ಸಲ ಒತ್ತಿದರೆ ಆಗುತ್ತದೆ. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಕತ್ತಲಲ್ಲಿ ಪರದೆಯ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಕ್ಯಾಮೆರಾ ಮುಖಕ್ಕೆ ಒತ್ತಿಕೊಂಡಿರುವುದರಿಂದ ಕೈ ನಡುಕವೂ ಕಡಿಮೆ. ಓಡುವ ಮಗುವನ್ನೋ ನಾಯಿಯನ್ನೋ ಹಿಂಬಾಲಿಸುವಾಗ ಕಿಂಡಿಯಲ್ಲಿ ಒಂದು ಕ್ಷಣವೂ ತಡವಿಲ್ಲ, ಆ ಕಾಲದ ಪರದೆಗಳಲ್ಲಿ ಚಿತ್ರ ತುಸು ಹಿಂದೆ ಬೀಳುತ್ತದೆ.

ಕೊನೆಯದಾಗಿ, ಲೆನ್ಸಿನ ಮುಂದೆ ವೈಡ್ ಅಥವಾ ಟೆಲಿ ಅಡಾಪ್ಟರ್ (ನೋಟವನ್ನು ಅಗಲ ಮಾಡುವ ಅಥವಾ ದೂರದ್ದನ್ನು ಹತ್ತಿರ ತೋರಿಸುವ ಹೆಚ್ಚುವರಿ ಗಾಜು) ಹಾಕಿದರೆ ಈ ಅಳತೆಗಳೆಲ್ಲ ರದ್ದು. ಅದು ಕಿಂಡಿಯನ್ನು ಮುಚ್ಚಿಬಿಡಬಹುದು, ಮುಚ್ಚದಿದ್ದರೂ ಕಿಂಡಿ ತೋರಿಸುವುದು ಹಳೆಯ ಚೌಕಟ್ಟನ್ನೇ. ಆಗ ಪರದೆಯನ್ನೇ ನೋಡಿ ತೆಗೆಯಿರಿ.