ಆಲ್ಬಮ್ಮಿನ ಬಣ್ಣವೇ ವಿಡಿಯೋಕ್ಕೂ: ಲೈಟ್‌ರೂಮಿನಿಂದ ಲಟ್ ತೆಗೆದ ಅನುಭವ

"ಫೋಟೋ ಸಾಫ್ಟ್‌ವೇರಿನಾಗ ವಿಡಿಯೋ ಗ್ರೇಡಿಂಗ್ ಆಗಂಗಿಲ್ಲ" ಅಂತ ಹುಬ್ಬಳ್ಳಿಯ ಎಡಿಟಿಂಗ್ ಮಂದಿ ಹೇಳುತ್ತಿದ್ದದ್ದು ಅರ್ಧ ನಿಜ. ಗ್ರೇಡಿಂಗ್ ಅಂದರೆ ಬಣ್ಣ ಹದ ಮಾಡುವುದು. ವಿಡಿಯೋವನ್ನೇ ಲೈಟ್‌ರೂಮ್ ಎಂಬ ಫೋಟೋ ಸಾಫ್ಟ್‌ವೇರಿಗೆ ತುಂಬಿದರೆ ಪೂರ್ತಿ ಆಗುವುದಿಲ್ಲ. ಬಣ್ಣವನ್ನಷ್ಟೇ ಅಲ್ಲಿಂದ ಲಟ್ ಆಗಿ, ಅಂದರೆ ಯಾವ ಬಣ್ಣ ಯಾವ ಬಣ್ಣವಾಗಬೇಕು ಎಂಬ ಪಟ್ಟಿಯಾಗಿ, ಹೊರಗೆ ತಂದರೆ ಆಗುತ್ತದೆ. ಈ ಸೀಸನ್ನಿನ ಹತ್ತು ಹನ್ನೊಂದು ಮದುವೆಗಳಲ್ಲಿ ಇಳಕಲ್ ಸೀರೆಯ ಕೆಂಪು ಆಲ್ಬಮ್ಮಿನಲ್ಲೂ ವಿಡಿಯೋದಲ್ಲೂ ಒಂದೇ ಇದೆ. ಒಂದೂ ತಕರಾರು ಬಂದಿಲ್ಲ.

ಮೊದಲು ನೀರಿಗೆ ಹೋದ ದುಡ್ಡು. ರೆಡಿಮೇಡ್ ಲಟ್ ಪ್ಯಾಕಿಗೆ ಸುಮಾರು 2,200 ರೂಪಾಯಿ. ಅವು ಲಾಗ್ ಫುಟೇಜಿಗೆಂದು (ಬಣ್ಣ, ಕಾಂಟ್ರಾಸ್ಟ್ ಬೇಕೆಂದೇ ಸಪ್ಪೆಯಾಗಿಟ್ಟು ತೆಗೆದದ್ದು) ಮಾಡಿದವು. ಸಾಮಾನ್ಯ ಪ್ರೊಫೈಲಿನ 8 ಬಿಟ್ ಫುಟೇಜಿಗೆ ಹಾಕಿದರೆ ಕಾಂಟ್ರಾಸ್ಟ್ ಮೇಲೆ ಕಾಂಟ್ರಾಸ್ಟ್ ಏರಿ ಮದುಮಗಳ ಮುಖ ಇಟ್ಟಂಗಿ ಆಗುತ್ತದೆ. ಗ್ರೇಡಿಂಗನ್ನು ಹೊರಗೆ ಕೊಟ್ಟರೆ ಮದುವೆಗೆ ಮೂರು ಮೂರೂವರೆ ಸಾವಿರ, ಮೇಲೆ ವಾರಗಟ್ಟಲೆ ಕಾಯಬೇಕು.

ಆಮೇಲೆ ಫ್ರೇಮುಗಳನ್ನೆಲ್ಲ ಚಿತ್ರಗಳಾಗಿ ತೆಗೆದು ಲೈಟ್‌ರೂಮಿನಲ್ಲಿ ನಮ್ಮ ಪ್ರಿಸೆಟ್ (ಉಳಿಸಿಟ್ಟ ಬಣ್ಣದ ಸೆಟ್ಟಿಂಗು) ಹೊಡೆದದ್ದು. 3 ನಿಮಿಷಕ್ಕೆ, 25 ಫ್ರೇಮಿನ ಲೆಕ್ಕದಲ್ಲಿ, 4,500 ಪಿಎನ್‌ಜಿ. ಹತ್ತಿರಹತ್ತಿರ 15 ಜಿಬಿ. ರಾತ್ರಿಯಿಡೀ ಎಕ್ಸ್‌ಪೋರ್ಟ್ ಆಗಿ ಬಂದದ್ದು ಮಿಣಮಿಣ ಫ್ಲಿಕರ್. ಹೈಲೈಟ್ಸ್, ಶ್ಯಾಡೋಸ್, ಕ್ಲಾರಿಟಿ ಸ್ಲೈಡರುಗಳು ಒಂದೊಂದು ಚಿತ್ರವನ್ನೂ ನೋಡಿ ಬೇರೆಬೇರೆ ಲೆಕ್ಕ ಹಾಕುತ್ತವೆ. ಅಕ್ಕಿಕಾಳು ಬಿದ್ದು ಬಿಳಿ ಹೆಚ್ಚಾದ ಫ್ರೇಮು ಒಂದು ಥರ, ಅದರ ಮುಂದಿನದು ಇನ್ನೊಂದು ಥರ.

ಲಟ್ ಹೊರತೆಗೆಯಲು ಫೋಟೋಶಾಪಿನ ಕಲರ್ ಲುಕಪ್ ಎಕ್ಸ್‌ಪೋರ್ಟ್ ಕೆಟ್ಟದ್ದಲ್ಲ. ಆದರೆ ಅಡ್ಜಸ್ಟ್‌ಮೆಂಟ್ ಲೇಯರುಗಳ ಬಣ್ಣವಷ್ಟೇ ಅದರಲ್ಲಿ ಹೋಗುತ್ತದೆ. ಲೈಟ್‌ರೂಮಿನ ಸ್ಲೈಡರುಗಳೇ ಇರುವ ಕ್ಯಾಮೆರಾ ರಾ ಫಿಲ್ಟರಿನ ಕೆಲಸ ಬರುವುದಿಲ್ಲ, ನಮ್ಮ ಪ್ರಿಸೆಟ್ಟಿನ ಜೀವ ಇರುವುದೇ ಅಲ್ಲಿ.

ದಾರಿ ಸಿಕ್ಕಿದ್ದು ಹಾಲ್ಡ್ ಚಿತ್ರದಿಂದ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಟೂಲಿನಲ್ಲಿ 8ನೇ ಲೆವೆಲ್ಲಿನ ಹಾಲ್ಡ್ ತೆಗೆದರೆ 512×512 ಪಿಕ್ಸೆಲ್ಲಿನ ಪಿಎನ್‌ಜಿ ಬರುತ್ತದೆ. ಅದರಲ್ಲಿ ಬಣ್ಣದ ಘನದ 64×64×64 ಬಿಂದುಗಳೂ ಸಾಲಾಗಿ ಕೂತಿರುತ್ತವೆ. ಅದಕ್ಕೆ ಪ್ರಿಸೆಟ್ ಹಾಕಿ ಹೊರತೆಗೆದರೆ ಪ್ರಿಸೆಟ್ಟೇ ಲಟ್ ಆಯಿತು. ಪಿಕ್ಸೆಲ್ಲಿನ ಕ್ರಮ ಲಟ್ ಉಳಿಸುವ .ಕ್ಯೂಬ್ ಕಡತದ್ದೇ: ಕೆಂಪು ಎಲ್ಲಕ್ಕಿಂತ ಬೇಗ ಬದಲಾಗುತ್ತದೆ, ಆಮೇಲೆ ಹಸಿರು, ಕೊನೆಗೆ ನೀಲಿ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಿ ಅಂಕಿಗಳನ್ನು 255ರಿಂದ (16 ಬಿಟ್ ಆದರೆ 65535ರಿಂದ) ಭಾಗಿಸಿ, ಮೇಲೆ LUT_3D_SIZE 64 ಎಂಬ ಸಾಲು, ಕೆಳಗೆ 2,62,144 ಸಾಲು ಬರೆದರೆ ಮುಗಿಯಿತು. ಹತ್ತು ಸಾಲಿನ ಪೈಥಾನ್ ಸಾಕು.

ಕೆಡುವುದೆಲ್ಲ ಎಕ್ಸ್‌ಪೋರ್ಟಿನಲ್ಲಿ. ಜೆಪೆಗ್ ಬೇಡ, 16 ಬಿಟ್ ಟಿಫ್. ಕಲರ್ ಸ್ಪೇಸ್ ಎಸ್‌ಆರ್‌ಜಿಬಿ. ಅಡೋಬ್ ಆರ್‌ಜಿಬಿ ಉಳಿದಿದ್ದರೆ ಬಣ್ಣ ಸಪ್ಪೆ. ರೀಸೈಜ್ ಟಿಕ್ ತೆಗೆಯಿರಿ, ಔಟ್‌ಪುಟ್ ಶಾರ್ಪನಿಂಗ್ ತೆಗೆಯಿರಿ. ನನಗೆ ಎರಡು ದಿನ ತಿಂದದ್ದು ಈ ಶಾರ್ಪನಿಂಗೇ: ಅರಿಷಿಣ ಹಚ್ಚಿದ ಗಲ್ಲದ ಮೇಲೆ ಹಸಿರು ಚುಕ್ಕೆಗಳು. ಪಕ್ಕದ ಪಿಕ್ಸೆಲ್ ಅಥವಾ ಪಿಕ್ಸೆಲ್ ಇರುವ ಜಾಗ ನೋಡಿ ಕೆಲಸ ಮಾಡುವ ಯಾವುದೂ ಹಾಲ್ಡಿಗೆ ಒಗ್ಗುವುದಿಲ್ಲ. ಕ್ಲಾರಿಟಿ, ಟೆಕ್ಸ್ಚರ್, ಡಿಹೇಜ್, ಗ್ರೇನ್, ವಿನ್ಯೆಟ್ ಎಲ್ಲ ಸೊನ್ನೆ. ಹೈಲೈಟ್ಸ್ ಮತ್ತು ಶ್ಯಾಡೋಸ್ ಕೆಲಸವನ್ನು ಟೋನ್ ಕರ್ವಿನಲ್ಲೇ ಮಾಡಬೇಕು. ಎಚ್‌ಎಸ್‌ಎಲ್ (ಹ್ಯೂ, ಸ್ಯಾಚುರೇಶನ್, ಲ್ಯೂಮಿನೆನ್ಸ್), ಕಲರ್ ಗ್ರೇಡಿಂಗ್, ಕ್ಯಾಲಿಬ್ರೇಶನ್ ಸರಿಯಾಗಿ ಬರುತ್ತವೆ. ಕ್ಯಾಲಿಬ್ರೇಶನ್ನಿನ ಬ್ಲೂ ಪ್ರೈಮರಿ ಎಷ್ಟು ಸರಿಸುತ್ತೇನೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಒಂದೇ ಸ್ಟಿಲ್ ನೋಡಿ ಗ್ರೇಡ್ ಮಾಡಬೇಡಿ. ಅರಿಷಿಣದ ಫ್ರೇಮು, ಸೀರೆಯ ಕೆಂಪು, ಜರಿ, ಶಾಮಿಯಾನದ ಕೆಳಗಿನ ಮುಖ, ರಾತ್ರಿ ಆರತಕ್ಷತೆ, ಹೀಗೆ ಆರೇಳು ಸ್ಟಿಲ್ ಒಂದೇ ಚಿತ್ರದಲ್ಲಿ ಜೋಡಿಸಿ, ಕೆಳಗೆ ಕಪ್ಪಿನಿಂದ ಬಿಳಿಗೆ ಹೋಗುವ ಪಟ್ಟಿ ಇಡುತ್ತೇನೆ. ಪಟ್ಟಿಯಲ್ಲಿ ಮೆಟ್ಟಿಲು ಕಂಡರೆ ಕರ್ವ್ ಜಾಸ್ತಿ ಆಗಿದೆ, 8 ಬಿಟ್ ಫುಟೇಜಿನ ಗೋಡೆಯಲ್ಲೂ ಬ್ಯಾಂಡಿಂಗ್ (ಬಣ್ಣದ ಪಟ್ಟೆಗಳು) ಬರುವುದು ಖಾತ್ರಿ.

ರಿಸಾಲ್ವ್ ಎಂಬ ವಿಡಿಯೋ ಗ್ರೇಡಿಂಗ್ ಸಾಫ್ಟ್‌ವೇರಿನಲ್ಲಿ ಶಾಟಿಗೆ ಶಾಟು ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಕೂಡಿಸಿದ ಮೇಲೆಯೇ ಲಟ್, ಅದೂ ಕೊನೆಯ ನೋಡ್‌ನಲ್ಲಿ (ನೋಡ್ ಅಂದರೆ ಬಣ್ಣದ ಕೆಲಸದ ಒಂದು ಹಂತ), ಕೀ ಔಟ್‌ಪುಟ್, ಅಂದರೆ ಲಟ್ ಹತ್ತುವ ಪ್ರಮಾಣ, 0.6ರಿಂದ 0.7. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಲಟ್ ಇಂಟರ್‌ಪೊಲೇಶನ್ (ಬಿಂದುಗಳ ನಡುವಿನ ಬಣ್ಣ ಲೆಕ್ಕ ಹಾಕುವ ರೀತಿ) ಟೆಟ್ರಾಹೆಡ್ರಲ್ ಮಾಡಿ. ಆಟೋ ವೈಟ್ ಬ್ಯಾಲೆನ್ಸಿನಲ್ಲಿ ತೆಗೆದ ಫುಟೇಜಿಗೆ ಈ ಶ್ರಮ ವ್ಯರ್ಥ.

ಮದುವೆಯ ಲಟ್ಟನ್ನೇ ಬ್ಯಾಡಗಿ ಮೆಣಸಿನಕಾಯಿ ರಾಶಿಗೆ ಹಾಕಿ ನೋಡಿದೆ. ಕೆಂಪು ಒಂದೇ ಹಾಳೆಯಂತೆ ಮೆತ್ತಿಕೊಂಡಿತು, ಕಾಯಿಯ ಸುಕ್ಕು ಮಾಯ. ಸ್ಯಾಚುರೇಶನ್ ಇಳಿಸಿದರೆ ಪ್ಲಾಸ್ಟಿಕ್. ಕೆಂಪಿನ ಲ್ಯೂಮಿನೆನ್ಸ್ 20ರಷ್ಟು ಕೆಳಗೆ, ಹ್ಯೂ ಸ್ವಲ್ಪ ಕಿತ್ತಳೆಯ ಕಡೆಗೆ ತಂದಾಗ ಸುಕ್ಕು ಮರಳಿತು. ಲಕ್ಕುಂಡಿಯ ಗುಡಿಗಳಲ್ಲಿ ತೊಂದರೆ ಉಲ್ಟಾ: ನೆರಳಿಗೆ ನೀಲಿ ಹಾಕುವ ಚಾಳಿಯಿಂದ ಅಲ್ಲಿನ ಹಸಿರು ಛಾಯೆಯ ಬೂದು ಕಲ್ಲು ಪಾಚಿ ಕಟ್ಟಿದಂತೆ ಕಂಡಿತು. ಅದಕ್ಕೆ ನೆರಳನ್ನು ಮುಟ್ಟದ ಬೇರೆ ಲಟ್ ಇಟ್ಟಿದ್ದೇನೆ.

ಕಲ್ಯಾಣ ಮಂಟಪದ ಎಲ್‌ಇಡಿ ಪಾರ್ ಲೈಟಿನ ನೇರಳೆಗೆ ಮಾತ್ರ ಇದರಲ್ಲಿ ಮದ್ದಿಲ್ಲ. ನೀಲಿ ಚಾನೆಲ್ 255ಕ್ಕೆ ಹೋಗಿ ನಿಂತ ಮೇಲೆ ಯಾವ ಲಟ್ಟೂ ಮುಖವನ್ನು ಹಿಂದಕ್ಕೆ ತರುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಆ ಲೈಟು ಆರಿಸಿ ಎಂದು ಡೆಕೋರೇಶನ್ನಿನವರಿಗೆ ಮೊದಲೇ ಹೇಳಿಟ್ಟುಕೊಳ್ಳುತ್ತೇನೆ.