ನುಂಗಿದ ಮುದ್ದೆ ಕರಗುವುದು ಎಲ್ಲಿ?

ಹಿರಿಯೂರು, ಹೊಸದುರ್ಗದ ಕಡೆಯ ಮನೆಗಳಲ್ಲಿ ಊಟಕ್ಕೆ ಕುಳಿತ ಹೊಸ ನೆಂಟರು ರಾಗಿಮುದ್ದೆಯನ್ನು ಅಗಿಯಲು ಹೊರಟರೆ ಪಕ್ಕದವರು ಮೆಲ್ಲಗೆ ನಗುತ್ತಾರೆ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕೆಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಪಿಷ್ಟದ ಜೀರ್ಣಕ್ರಿಯೆ ಬಾಯಿಯಲ್ಲಿಯೇ ಆರಂಭವಾಗುತ್ತದೆಂದು ಶಾಲೆಯಲ್ಲಿ ಓದಿದವರಿಗೆ, ಹಾಗಾದರೆ ಅಗಿಯದೆ ನುಂಗಿದ್ದು ಅರಗುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಮುದ್ದೆ ಮತ್ತು ಹುರುಳಿಕಾಳಿನ ಸಾರಿನ ಒಂದು ತುತ್ತನ್ನು ಹಂತ ಹಂತವಾಗಿ ಹಿಂಬಾಲಿಸಿದರೆ ಉತ್ತರ ಸಿಗುತ್ತದೆ. ಈ ತುತ್ತಿನಲ್ಲಿ ಕಾರ್ಬೋಹೈಡ್ರೇಟಿನ ಬಹುಪಾಲು ರಾಗಿಯಿಂದ ಬಂದರೆ, ಪ್ರೋಟೀನಿನ ದೊಡ್ಡ ಪಾಲು ಹುರುಳಿಯದು. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ.

ನಿಜವಾಗಿ ನೋಡಿದರೆ ಮೊದಲ ಹಂತ ನಡೆಯುವುದು ಒಲೆಯ ಮೇಲೆ. ಹಸಿ ಹಿಟ್ಟಿನಲ್ಲಿ ಪಿಷ್ಟವು ಬಿಗಿಯಾದ ಕಣಗಳಾಗಿ ಅಡಗಿರುತ್ತದೆ. ಎಸರು ಕುದಿದು ಹಿಟ್ಟು ಬೆಂದಾಗ ಈ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ, ಆಮೇಲಷ್ಟೇ ಕಿಣ್ವಗಳಿಗೆ ಒಳಹೋಗಲು ದಾರಿಯಾಗುತ್ತದೆ. ಹುರುಳಿಗೂ ಬೇಯುವುದು ಅಗತ್ಯ. ಹಸಿಕಾಳಿನಲ್ಲಿ, ಪ್ರೋಟೀನನ್ನು ಒಡೆಯುವ ನಮ್ಮ ಟ್ರಿಪ್ಸಿನ್ ಕಿಣ್ವವನ್ನೇ ತಡೆಯುವ ವಸ್ತುಗಳಿದ್ದು, ಚೆನ್ನಾಗಿ ಬೇಯಿಸಿದಾಗ ಅವುಗಳ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ.

ಎರಡನೆಯದು ಬಾಯಿ. ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಸುರಿಯುವ ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದ್ದು, ಅದು ಪಿಷ್ಟದ ಉದ್ದನೆಯ ಸರಪಳಿಯನ್ನು ಮಾಲ್ಟೋಸ್‌ನಂಥ ಸಣ್ಣ ಸಕ್ಕರೆಗಳಾಗಿ ಕತ್ತರಿಸುತ್ತದೆ. ಇದನ್ನು ನೋಡಬಯಸುವವರು ದಾವಣಗೆರೆಯ ಮಂಡಕ್ಕಿಯನ್ನು, ಒಗ್ಗರಣೆ, ಖಾರ ಯಾವುದೂ ಇಲ್ಲದೆ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಒಂದೆರಡು ನಿಮಿಷ ನುಂಗದೆ ಅಗಿಯಲಿ. ಕೊನೆಕೊನೆಗೆ ತೆಳುವಾದ ಸಿಹಿ ನಾಲಿಗೆಗೆ ತಾಗುತ್ತದೆ.

ಕಣ್ಣಿಗೂ ಕಾಣಬೇಕೆಂದರೆ ತೆಳ್ಳನೆಯ ಅನ್ನದ ಗಂಜಿಯನ್ನು ಉಗುರುಬೆಚ್ಚಗೆ ಆರಿಸಿ ಮೂರು ಲೋಟಗಳಲ್ಲಿ ಎರಡೆರಡು ಚಮಚ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಒಂದು ಚಮಚ ನೀರು, ಎರಡನೆಯದಕ್ಕೆ ಅಷ್ಟೇ ಜೊಲ್ಲು, ಮೂರನೆಯದಕ್ಕೆ ಮೊದಲು ಒಂದು ಚಮಚ ವಿನೆಗರ್, ನಂತರ ಜೊಲ್ಲು ಸೇರಿಸಿ ಕಾಲು ಗಂಟೆ ಬಿಟ್ಟು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ತಲಾ ಒಂದು ಹನಿ ಹಾಕಿ. ನೀರಿನ ಲೋಟ ಕಡುನೀಲಿಗೆ ತಿರುಗುತ್ತದೆ; ಜೊಲ್ಲಿನ ಲೋಟದಲ್ಲಿ, ಪಿಷ್ಟ ಒಡೆದಷ್ಟೂ, ನೀಲಿ ಮಾಸುತ್ತದೆ; ವಿನೆಗರ್ ಬಿದ್ದ ಲೋಟದಲ್ಲಿ ಹುಳಿಯಿಂದ ಕಿಣ್ವ ಕೆಟ್ಟು ನೀಲಿಯೇ ಉಳಿಯುತ್ತದೆ. ವಿನೆಗರ್ ಬದಲು ನಿಂಬೆರಸ ಬಳಸಬೇಡಿ. ನಾನು ಮೊದಲ ಸಲ ನಿಂಬೆಹಣ್ಣು ಹಿಂಡಿ, ಬಣ್ಣ ಹಾರಿಹೋದದ್ದನ್ನು ಕಂಡು ಹುಳಿಯಲ್ಲಿಯೂ ಕಿಣ್ವ ಕೆಲಸ ಮಾಡುತ್ತದೆಂದು ಮೋಸಹೋಗಿದ್ದೆ. ಬಣ್ಣ ತೆಗೆದದ್ದು ನಿಂಬೆಯ ಸಿ ಜೀವಸತ್ವ. ಪ್ರಯೋಗ ಮುಗಿದ ಮೇಲೆ ಲೋಟಗಳನ್ನು ಚೆಲ್ಲಿ ಚೆನ್ನಾಗಿ ತೊಳೆಯಿರಿ.

ಮೂರನೆಯ ಲೋಟದಲ್ಲಿ ಆದದ್ದೇ ಜಠರದಲ್ಲಿಯೂ ಆಗುತ್ತದೆ. ಅಲ್ಲಿನ ಹೈಡ್ರೋಕ್ಲೋರಿಕ್ ಆಮ್ಲ ತಗುಲಿದೊಡನೆ ಜೊಲ್ಲಿನ ಅಮೈಲೇಸ್ ಸೋಲುತ್ತದೆ, ತುತ್ತಿನ ಒಳಭಾಗಕ್ಕೆ ಆಮ್ಲ ಇಳಿಯುವವರೆಗೆ ಮಾತ್ರ ಅದರ ಕೆಲಸ ಒಂದಿಷ್ಟು ಮುಂದುವರಿಯುತ್ತದೆ. ಪಿಷ್ಟ ಹೀಗೆ ಅರ್ಧದಲ್ಲಿ ನಿಂತಾಗ ಪ್ರೋಟೀನಿನ ಸರದಿ ಬರುತ್ತದೆ. ಕಾಯಿಸಿದ ಹಾಲಿಗೆ ಹುಳಿ ಬಿದ್ದರೆ ಒಡೆಯುವಂತೆ, ಆಮ್ಲದಲ್ಲಿ ಪ್ರೋಟೀನಿನ ಮಡಿಕೆಗಳು ಸಡಿಲಗೊಳ್ಳುತ್ತವೆ. ಥಿಯೋಡರ್ ಶ್ವಾನ್ 1836ರಲ್ಲಿ ಗುರುತಿಸಿದ ಪೆಪ್ಸಿನ್ ಕಿಣ್ವವು ಆ ಸರಪಳಿಗಳನ್ನು ತುಂಡರಿಸುತ್ತದೆ. ಜಠರವು ತನ್ನನ್ನೇ ಅರಗಿಸಿಕೊಳ್ಳದಿರುವುದಕ್ಕೆ ಒಳಗೋಡೆಯ ಲೋಳೆಯೊಂದು ಕಾರಣವಾದರೆ, ಪೆಪ್ಸಿನ್ ಮೊದಲು ನಿಷ್ಕ್ರಿಯ ರೂಪದಲ್ಲಿ ಸ್ರವಿಸಿ ಆಮ್ಲದಲ್ಲಿ ಮಾತ್ರ ಚುರುಕಾಗುವುದು ಇನ್ನೊಂದು.

ಜಠರದ ಕೆಳಬಾಗಿಲು ಆಹಾರವನ್ನು ಒಂದೆರಡು ಮಿಲಿಮೀಟರಿಗಿಂತ ಚಿಕ್ಕದಾಗುವವರೆಗೆ ಸಾಮಾನ್ಯವಾಗಿ ಕೆಳಗೆ ಬಿಡದೆ ಹಿಂದಕ್ಕೆ ತಳ್ಳಿ ಕಡೆಯುತ್ತದೆ. ನುಂಗಿದ ಮುದ್ದೆಯ ಉತ್ತರ ಇಲ್ಲಿದೆ: ಅಗಿಯುವ ಕೆಲಸವನ್ನು ಗಿರಣಿ ಮೊದಲೇ ಮಾಡಿದೆ, ಮೆತ್ತನೆಯ ಮುದ್ದೆಯನ್ನು ಬಿಡಿಸುವುದು ಜಠರಕ್ಕೆ ಕಷ್ಟವಲ್ಲ, ಜೊಲ್ಲಿನಿಂದ ಆಗದೆ ಉಳಿದ ಪಿಷ್ಟಕ್ಕೆ ಮುಂದೆ ಇನ್ನೂ ಬಲವಾದ ಅಮೈಲೇಸ್ ಕಾದಿದೆ. ಆದರೆ ಈ ರಿಯಾಯಿತಿ ಮುದ್ದೆಗೆ ಮಾತ್ರ. ಮುದ್ದೆಯ ಜೊತೆಗೆ ಕಾಳನ್ನೂ ಇಡಿಯಾಗಿ ನುಂಗುವವರಿದ್ದಾರೆ. ಹುರುಳಿಯ ಸಿಪ್ಪೆಯನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲವಾದ್ದರಿಂದ ಅಂಥ ಕಾಳು ಮರುದಿನ ಹೋದ ಹಾಗೆಯೇ ಹೊರಬರಬಹುದು. ಕಾಳನ್ನು ಅಗಿಯಲೇಬೇಕು.

ಮುಖ್ಯ ಕೆಲಸವೆಲ್ಲ ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳಿನದು. ಮೇದೋಜೀರಕ ಗ್ರಂಥಿಯ ಕ್ಷಾರರಸ ಜಠರದ ಹುಳಿಯನ್ನು ತಣಿಸುತ್ತದೆ. ಅದರಲ್ಲಿನ ಅಮೈಲೇಸ್ ಪಿಷ್ಟವನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ. ಟ್ರಿಪ್ಸಿನ್ ಕೂಡ ನಿಷ್ಕ್ರಿಯವಾಗಿಯೇ ಬಂದು, ಕರುಳಿನ ಗೋಡೆಯ ಎಂಟರೋಕೈನೇಸ್ ಎಂಬ ಕಿಣ್ವ ತಾಗಿದ ಮೇಲೆ ಎಚ್ಚೆತ್ತು, ಜೊತೆಗಾರ ಕಿಣ್ವಗಳನ್ನೂ ಎಬ್ಬಿಸಿ ಪ್ರೋಟೀನನ್ನು ಚಿಕ್ಕ ತುಣುಕುಗಳಾಗಿಸುತ್ತದೆ. ಕೊನೆಯ ಕತ್ತರಿ ಗೋಡೆಯ ಮೇಲೆಯೇ ಇದೆ: ಮಖಮಲ್ಲಿನ ಎಳೆಗಳಂತೆ ಎದ್ದ, ಒಂದು ಮಿಲಿಮೀಟರಿನಷ್ಟೂ ಎತ್ತರವಿರದ ಚಾಚುಗಳ ಅಂಚಿನಲ್ಲಿ ಮಾಲ್ಟೋಸ್ ಎರಡು ಗ್ಲೂಕೋಸ್ ಆಗುತ್ತದೆ, ಹಾಲಿನ ಲ್ಯಾಕ್ಟೋಸ್ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗುತ್ತದೆ.

ಅಲ್ಲಿಂದ ಒಳಗೆ ಹೋಗುವ ಬಗೆ ಸ್ವಾರಸ್ಯಕರವಾಗಿದೆ. ಗ್ಲೂಕೋಸ್ ಒಂಟಿಯಾಗಿ ಬಂದರೆ ಅದರ ಮುಖ್ಯ ಬಾಗಿಲು ತೆರೆಯುವುದಿಲ್ಲ, ಉಪ್ಪಿನಲ್ಲಿರುವ ಸೋಡಿಯಂ ಜೊತೆಗಿರಬೇಕು. ಇವೆರಡರ ಹಿಂದೆ ನೀರೂ ಒಳಸೇರುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟ ಈ ವಿವರಣೆಯೇ ವಾಂತಿಭೇದಿಯಾದಾಗ ಕುಡಿಸುವ ಓಆರ್‌ಎಸ್ ಪೊಟ್ಟಣದಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಏಕಿವೆ ಎಂಬುದನ್ನು ತಿಳಿಸುತ್ತದೆ. ಪ್ರೋಟೀನಾದರೋ ತನ್ನ ಸರಪಳಿಯ ಬಿಡಿ ಕೊಂಡಿಯಾದ ಅಮೈನೋ ಆಮ್ಲವಾಗಿಯೂ, ಎರಡು-ಮೂರು ಅಮೈನೋ ಆಮ್ಲಗಳ ಗೊಂಚಲಾಗಿಯೂ ಒಳಬರುತ್ತದೆ. ಗೊಂಚಲುಗಳನ್ನು ಜೀವಕೋಶವೇ ಒಳಗೆ ಬಿಡಿಸಿಕೊಳ್ಳುತ್ತದೆ.

ರಕ್ತಕ್ಕೆ ಸೇರಿದ್ದೆಲ್ಲವೂ ಮೊದಲು ಒಂದು ದೊಡ್ಡ ಅಭಿಧಮನಿಯ ಮೂಲಕ ಯಕೃತ್ತಿಗೆ ಹೋಗುತ್ತದೆ. ಇನ್ಸುಲಿನ್ ಸೂಚನೆಯಂತೆ ಯಕೃತ್ತು ನೂರು ಗ್ರಾಂನಷ್ಟು, ಸ್ನಾಯುಗಳು ಅದಕ್ಕಿಂತ ಹೆಚ್ಚು ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕೂಡಿಡಬಲ್ಲವು. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ಮಧುಮೇಹಿಗಳು ನಂಬಿಕೊಳ್ಳುವುದು ತಪ್ಪು. ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ಯಾವ ಹಿಟ್ಟಾದರೂ ಗ್ಲೂಕೋಸ್ ಆಗಿಯೇ ಆಗುತ್ತದೆ, ಆದ್ದರಿಂದ ಮುದ್ದೆಯ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೈನೋ ಆಮ್ಲಗಳಿಗೆ ಅಂಥ ಕಣಜವಿಲ್ಲ; ದೇಹ ಕಟ್ಟಲು ಬಳಕೆಯಾಗದೆ ಮಿಕ್ಕವುಗಳ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಈ ಕಟ್ಟುವ ಕೆಲಸಕ್ಕೆ ಮುದ್ದೆ, ಸಾರು ಒಂದಕ್ಕೊಂದು ನೆರವಾಗುತ್ತವೆ: ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬುದು ರಾಗಿಯಲ್ಲಿದೆ.

ಉಳಿದದ್ದು ದೊಡ್ಡ ಕರುಳಿಗೆ. ಹುರುಳಿಯಲ್ಲಿನ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ; ಅವು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗಿ ಹೊಟ್ಟೆಯುಬ್ಬರ ತರುತ್ತವೆ. ಇದರಿಂದ ಕಷ್ಟಪಡುವವರು ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಮೊಳಕೆ ಕಟ್ಟಿ ಬೇಯಿಸಬೇಕು. ಚೆಲ್ಲಬೇಕಾದದ್ದು ನೆನೆಸಿದ ನೀರನ್ನು. ಬೆಂದ ಕಾಳಿನಿಂದ ಬಸಿದ ಕಟ್ಟನ್ನು ಎಂದಿನಂತೆ ಬಸ್ಸಾರಿಗೆ ಇಟ್ಟುಕೊಳ್ಳಿ.